ಪ್ರತಿಯೊಂದು ಮಗುವೂ

ಜೂನ್ 9

ತಮ್ಮಾ,

ನಾನು ಕ್ಷೇಮ ಎಂದು ಬರೆದರೆ ನೀನು ಉಳಿದದ್ದನ್ನು ಓದುವುದೇ ಇಲ್ಲ. ಆದ್ದರಿಂದ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನನಗೆ ಎರಡು ವಾಕ್ಯ ಬೇಕು. ಸೋಪಿಗೆ, ಬಿಸ್ಕತ್ತಿಗೆ, ಸೊಳ್ಳೆಬತ್ತಿಗೆ ಜಾಹೀರಾತಿನ ಸಾಲು ಬರೆದು ಬದುಕುವವನು ನೀನು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಆದರೂ ತಮ್ಮನನ್ನೇ ಕೇಳುತ್ತಿದ್ದೇನೆ, ಒಂದು ಸಲ ಅಕ್ಕನ ಶಾಲೆಗೂ ಬರೆದುಕೊಡು.

ದೊಡ್ಡ ಮೇಷ್ಟ್ರು ನಿವೃತ್ತರಾದ ಮೇಲೆ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ನಾನು ಕೂತಿದ್ದೇನೆ, ಆದರೆ ಪ್ರಭಾರಿಯಾಗಿ. ಪ್ರಭಾರಿ ಎಂದರೆ ಬೈಗುಳ ಪೂರ್ತಿ, ಅಧಿಕಾರ ಅರ್ಧ. ಆಡಳಿತ ಮಂಡಳಿಗೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಸಿಮೆಂಟ್ ವ್ಯಾಪಾರದಲ್ಲಿ ಮೇಲೆ ಬಂದವರು, ಎಲ್ಲರೂ ಯಜಮಾನರು ಅಂತಲೇ ಕರೆಯುತ್ತಾರೆ. ವರ್ಷದ ಕೊನೆಗೆ ಮಾನ್ಯತೆಯ ತಂಡ ಬರುತ್ತದೆ. ಅವರು ಕೇಳುವ ಮೊದಲ ಪ್ರಶ್ನೆಯೇ ನಿಮ್ಮ ಶಾಲೆಯ ವಿಷನ್ ಏನು, ಮಿಷನ್ ಏನು, ಎಲ್ಲಿ ಬರೆಸಿದ್ದೀರಿ ಎಂಬುದಂತೆ. ನಮ್ಮಲ್ಲಿ ಬರೆಸಿರುವುದು 'ಇಲ್ಲಿ ಉಗುಳಬಾರದು' ಒಂದೇ. ಇದನ್ನು ಚೆನ್ನಾಗಿ ಮಾಡಿ ಮುಗಿಸಿದರೆ ನನ್ನ ಹೆಸರಿನ ಮುಂದಿನ ಪ್ರಭಾರಿ ತೆಗೆಯುತ್ತೇನೆ ಎಂದು ಯಜಮಾನರು ಹೇಳಿದ್ದಾರೆ.

ಶಿಕ್ಷಕರ ಸಭೆ ಕರೆದೆ. ವಿಷನ್ ಎಂದರೆ ಶಾಲೆ ಎಲ್ಲಿಗೆ ಹೋಗಬೇಕು ಎನ್ನುವುದು, ಮಿಷನ್ ಎಂದರೆ ಅದಕ್ಕಾಗಿ ದಿನಾ ಏನು ಮಾಡುತ್ತೇವೆ ಎನ್ನುವುದು ಎಂದು ಬೋರ್ಡಿನ ಮೇಲೆ ಬರೆದೆ. ಗಣಿತದ ಮೇಷ್ಟ್ರು, "ನಾವೆಲ್ಲಿಗೂ ಹೋಗೋದು ಬೇಡ ಮೇಡಂ, ಸಂಬಳ ಇಲ್ಲಿಗೆ ಬಂದ್ರೆ ಸಾಕು" ಅಂದರು. ಒಂದಿಡೀ ಮಧ್ಯಾಹ್ನ ಕಚ್ಚಾಡಿ ಇಷ್ಟು ಬರೆದೆವು: "ಮಕ್ಕಳ ಸರ್ವತೋಮುಖ ಬೆಳವಣಿಗೆಗಾಗಿ ಮೌಲ್ಯಾಧಾರಿತ, ಗುಣಮಟ್ಟದ, ಸಂತಸದಾಯಕ ಶಿಕ್ಷಣವನ್ನು ಎಲ್ಲರಿಗೂ ನೀಡುವ ಸದಾಶಯದೊಂದಿಗೆ ಶ್ರಮಿಸುವುದು." ಯಜಮಾನರು ಎರಡು ಸಲ ಓದಿ, "ಇದ್ರಲ್ಲಿ ಮಾಲು ಎಲ್ಲಿದೆ?" ಎಂದು ಕೇಳಿದರು.

ಇನ್ನೊಂದು ಕಷ್ಟವಿದೆ. ಗೇಟಿನವರೆಗೆ ಬಂದ ಮಗುವನ್ನು ವಾಪಸ್ ಕಳಿಸಬಾರದು ಎನ್ನುವುದು ದೊಡ್ಡ ಮೇಷ್ಟ್ರ ಪದ್ಧತಿ. ಹಾಗಾಗಿ ಎಷ್ಟು ಕಲಿಸಿದರೂ ಅಕ್ಷರ ಹತ್ತದ ಒಂದಷ್ಟು ಮಕ್ಕಳು ನಮ್ಮಲ್ಲಿ ಉಳಿದುಕೊಂಡಿದ್ದಾರೆ. ಅವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಹೊಲಿಗೆ ಟೀಚರ್ ನೋಡಿಕೊಳ್ಳುತ್ತಾರೆ. ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿಸುತ್ತಾರೆ, ಹಾಡು ಹೇಳಿಸುತ್ತಾರೆ, ಊಟವಾದ ಮೇಲೆ ಮಕ್ಕಳಿಗಿಂತ ಮೊದಲು ತಾವೇ ನಿದ್ದೆ ಹೋಗುತ್ತಾರೆ. ಯಜಮಾನರು ಮೊನ್ನೆ ಬಾಗಿಲಲ್ಲಿ ನಿಂತು ನೋಡಿ, "ಇದೇನು ಗೋಡೌನಾ?" ಅಂದರು.

ಸಣ್ಣಿ ಆರೋಗ್ಯವಾಗಿದ್ದಾಳೆ. ಅವಳಿಗೆ ಹೊಲಿಗೆ ಟೀಚರ್ ಎಂದರೆ ಪ್ರಾಣ. ಓದು ಅವಳದೇ ವೇಗದಲ್ಲಿ ನಡೆದಿದೆ. ಅವಳ ತಾಯಿ ತೀರಿಹೋದ ವರ್ಷ ಮಗಳನ್ನು ನನ್ನ ಮಡಿಲಿಗೆ ಹಾಕಿ, ರಜೆಗೆಲ್ಲ ಬರುತ್ತೇನೆ ಎಂದು ಹೋದವನು ನೀನು. ಎರಡು ರಜೆ ಕಳೆದವು. "ಅಪ್ಪ ಯಾವಾಗ ಬರ್ತಾನೆ ಅತ್ತೆ?" ಎಂದು ಕೇಳುವುದನ್ನು ಅವಳು ಈಗ ನಿಲ್ಲಿಸಿದ್ದಾಳೆ.

ಅಕ್ಕ


ಜೂನ್ 21

ಅಕ್ಕಾ,

ನಿನ್ನ ಸರ್ವತೋಮುಖ ಬೆಳವಣಿಗೆಯನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಚಿತ್ರ ಬರೆಯುವವನು ನಕ್ಕು ನಕ್ಕು ಟೀ ಚೆಲ್ಲಿಕೊಂಡ. ಈ ವಾಕ್ಯವನ್ನು ಕೋಳಿ ಫಾರಂ ಗೇಟಿಗೂ ಹಾಕಬಹುದಲ್ಲೇ. ಅಷ್ಟು ಜನ ಓದಿದವರು ಒಂದು ಮಧ್ಯಾಹ್ನ ಕೂತು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀರಿ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಆ ಸಭೆಯಲ್ಲಿ ಬುದ್ಧಿ ಇದ್ದದ್ದು ಅವರೊಬ್ಬರಿಗೇ.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಮಾಲು ಯಾರಿಗೆ ಎಂದು ಬರೆಯುವ ಮೊದಲು ಯಾರಿಗಲ್ಲ ಎಂದು ಬರೆಯಬೇಕು. ಎಲ್ಲರಿಗೂ ಎಂದು ಮಾರಿದ ಸೋಪನ್ನು ಯಾರೂ ಕೊಳ್ಳುವುದಿಲ್ಲ. ನಿನ್ನ ಶಾಲೆ ಯಾರಿಗಲ್ಲ, ಅದನ್ನು ಹೇಳು. ಹೇಳಲು ನಾಲಿಗೆ ಬರುವುದಿಲ್ಲ, ಗೊತ್ತು. ದೊಡ್ಡ ಮೇಷ್ಟ್ರು ನಿಮ್ಮನ್ನೆಲ್ಲ ಕೆಡಿಸಿ ಹೋಗಿದ್ದಾರೆ. ಬಂದವರನ್ನೆಲ್ಲ ಒಳಗೆ ಬಿಡುವುದಕ್ಕೆ ಅದು ಶಾಲೆಯೋ ರೈಲ್ವೆ ಸ್ಟೇಷನ್ನೋ?

ಆಯಿತು, ಬರೆದುಕೊಡುತ್ತೇನೆ. ಸ್ವಲ್ಪ ಸಮಯ ಕೊಡು. ಕೈಯಲ್ಲಿ ಒಂದು ತಲೆನೋವಿನ ಮಾತ್ರೆಯ ಕೆಲಸವಿದೆ, ಅದು ನನಗೇ ತಲೆನೋವು ತಂದಿದೆ.

ಸಣ್ಣಿ ಹೊಲಿಗೆ ಕಲಿಯುತ್ತಿರುವುದು ತಿಳಿದು ಸಂತೋಷವಾಯಿತು. ಓದಿನ ಜೊತೆ ಕೈಕೆಲಸವೂ ಇರಲಿ. ಅವಳದೇ ವೇಗ ಎಂದರೆ ನನ್ನ ಹಾಗೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದಾಳೆ ಎಂದುಕೊಂಡಿದ್ದೇನೆ. ಬರುತ್ತೇನೆ, ಖಂಡಿತ ಬರುತ್ತೇನೆ. ಎಂದಿನ ಹಾಗೆ ಕಚೇರಿಯ ವಿಳಾಸಕ್ಕೇ ಬರಿ. ಮನೆಗೆ ಫೋನ್ ಮಾಡಬೇಡ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದೇನೆ, ನಾನು ಸಿಗುವುದಿಲ್ಲ.

ನಿನ್ನ ತಮ್ಮ


ಜುಲೈ 4

ತಮ್ಮಾ,

ನಿಮ್ಮ ಚಿತ್ರ ಬರೆಯುವವನ ಟೀ ಚೆಲ್ಲಿದ್ದಕ್ಕೆ ವಿಷಾದ. ನಾವು ಅಷ್ಟು ಜನ ಓದಿದವರು ಇನ್ನೊಂದು ಸಭೆ ಮಾಡಿದೆವು. ಈ ಸಲ ಯಜಮಾನರೂ ಬಂದು ಕೂತರು. ಆಟದ ಮೇಷ್ಟ್ರು 'ಶಿಸ್ತು' ಸೇರಿಸಿ ಎಂದರು, ವಿಜ್ಞಾನದವರು 'ವೈಚಾರಿಕತೆ' ಎಂದರು, ಇಬ್ಬರಿಗೂ ಜಗಳ ಹತ್ತಿತು. ಹೊಲಿಗೆ ಟೀಚರ್, "ಮಕ್ಳು ಅಳ್ದೆ ಮನೆಗೆ ಹೋಗ್ಬೇಕು ಅಂತ ಬರ್ಕೊಳ್ಳಿ, ನಂಗೆ ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದು ಹೋದರು. ಯಜಮಾನರು ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ ಮಾತು ನಿನಗೆ ತಿಳಿದಿರಬೇಕು. "ನೋಡಿ, ನಮ್ಮ ವ್ಯಾಪಾರದಲ್ಲಿ ಚೀಲದ ಮೇಲೆ ಏನು ಬರ್ದಿದೆಯೋ ಅದು ಚೀಲದೊಳಗೆ ಇರ್ಬೇಕು. ಒಂದು ಚೀಲದಲ್ಲಿ ಮಣ್ಣು ಬೆರೆತ್ರೆ ಕಟ್ಟಿದ ಮನೆಯೇ ಬೀಳುತ್ತೆ. ಏನಾದ್ರೂ ಬರೀರಿ, ಆದ್ರೆ ಬರ್ದಿದ್ದನ್ನ ನಾನು ಒಳಗೆ ಹುಡುಕ್ತೀನಿ." ತಮಾಷೆಗೆ ಹೇಳಿದವರಲ್ಲ. ಅವರಿಗೆ ತಮಾಷೆ ಬರುವುದಿಲ್ಲ. ನೀನು ಬರೆಯುವಾಗ ಇದು ತಲೆಯಲ್ಲಿರಲಿ.

ಯಾರಿಗಲ್ಲ ಎಂದು ಕೇಳಿದ್ದೀಯ. ನಿನ್ನ ಪ್ರಕಾರ ಯಾರಿಗಲ್ಲ, ನೀನೇ ಹೇಳು ನೋಡೋಣ.

ಸಣ್ಣಿ ಸಂಜೆ ನನ್ನ ಪಕ್ಕ ಕೂತು ಪುಸ್ತಕ ಹಿಡಿಯುತ್ತಾಳೆ. ಬೆರಳು ಸಾಲಿನ ಕೆಳಗೆ ಓಡುತ್ತದೆ, ಬಾಯಿ ಕಥೆ ಹೇಳುತ್ತದೆ. ಬೆರಳು ಒಂದು ಪುಟದಲ್ಲಿರುತ್ತದೆ, ಕಥೆ ಇನ್ನೊಂದರಲ್ಲಿ. ಒಂದು ಸಲ ಬಂದು ನೋಡು ಎಂದು ಬರೆಯಲು ನನಗೆ ಬೇಸರ. ಆದರೂ ಬರೆದಿದ್ದೇನೆ. ಒಂದು ಭಾನುವಾರ ಸಾಕು.

ಅಕ್ಕ


ಜುಲೈ 15

ಅಕ್ಕಾ,

ತಗೋ. ಇದಕ್ಕಾಗಿ ಎರಡು ಊಟ ಬಿಟ್ಟಿದ್ದೇನೆ, ಮುಟ್ಟಿ ಹಾಳು ಮಾಡಬೇಡ.

ವಿಷನ್: "ನಮ್ಮ ಗೇಟು ದಾಟಿ ಹೊರಗೆ ಹೋದ ಯಾವ ಮಗುವೂ ಬದುಕಿನಲ್ಲಿ ಇನ್ನೊಬ್ಬರ ಕೈ ಕಾಯುವುದಿಲ್ಲ."

ಮಿಷನ್: "ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಇಲ್ಲಿನ ಪ್ರತಿಯೊಂದು ಮಗುವೂ ತಾನೇ ಓದುತ್ತದೆ, ತಾನೇ ಬರೆಯುತ್ತದೆ, ತಾನೇ ಲೆಕ್ಕ ಮಾಡುತ್ತದೆ. ಇದಕ್ಕಿಂತ ಕಡಿಮೆಯದನ್ನು ನಾವು ಶಾಲೆ ಎನ್ನುವುದಿಲ್ಲ."

ಕೊನೆಯ ವಾಕ್ಯ ಓದಿಕೊಂಡಾಗ ನನಗೇ ಮೈ ಜುಮ್ಮೆಂದಿತು. ಸಭೆಯಲ್ಲಿ ನಿನ್ನ ಹಾಜರಿ ಕೂಗುವ ದನಿಯಲ್ಲಿ ಓದಬೇಡ ಮಾರಾಯ್ತಿ. 'ಪ್ರತಿಯೊಂದು ಮಗುವೂ' ಎನ್ನುವಲ್ಲಿ ಸ್ವಲ್ಪ ನಿಲ್ಲಿಸು, ಯಜಮಾನರ ಮುಖ ನೋಡು, ಆಮೇಲೆ ಮುಂದಕ್ಕೆ ಹೋಗು. ಚೀಲದ ಮಾತು ಹೇಳಿದ ಮನುಷ್ಯನಿಗೆ ಇದು ನಾಟದಿದ್ದರೆ ನಾನು ಪೆನ್ನು ಹಿಡಿಯುವುದನ್ನು ಬಿಡುತ್ತೇನೆ.

ಸಣ್ಣಿಗೆ ಓದುವ ಹುಚ್ಚು ಹಿಡಿದಿದೆ ಎಂದು ನಿನ್ನ ಪತ್ರದಿಂದ ಗೊತ್ತಾಯಿತು. ಬಾಯಿ ಬೆರಳಿಗಿಂತ ಮುಂದೆ ಓಡುವುದು ಜಾಣ ಮಕ್ಕಳ ಲಕ್ಷಣ. ಒಂದು ಕಥೆಪುಸ್ತಕ ಕಳಿಸಿದ್ದೇನೆ, ಆಮೆಯದು, ಬಣ್ಣದ ಚಿತ್ರಗಳಿವೆ. ನೀನು ಓದಿ ಹೇಳಬೇಡ, ಅವಳೇ ಓದಲಿ. ಈ ತಿಂಗಳು ಬರಲಾಗುವುದಿಲ್ಲ. ಕಾರಣ ಕೇಳಬೇಡ, ಎಲ್ಲವನ್ನೂ ಪತ್ರದಲ್ಲಿ ಬರೆಯಲಾಗುವುದಿಲ್ಲ.

ನಿನ್ನ ತಮ್ಮ


ಜುಲೈ 28

ತಮ್ಮಾ,

ವಾಕ್ಯ ಚೆನ್ನಾಗಿದೆ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಇನ್ನೂ ಯಾರಿಗೂ ತೋರಿಸಿಲ್ಲ.

ಒಂದೇ ಒಂದು ಪದದ ಬಗ್ಗೆ ಕೇಳಬೇಕು. 'ಪ್ರತಿಯೊಂದು' ತೆಗೆದು 'ಬಹುತೇಕ' ಎಂದು ಹಾಕಲೇ? ಹಿಂದಿನ ಕೋಣೆಯ ಮಕ್ಕಳ ವಿಷಯ ಮೊದಲ ಪತ್ರದಲ್ಲೇ ಬರೆದಿದ್ದೆ. ಅವರು ಮೂರನೆಯದಲ್ಲ, ಹದಿಮೂರನೆಯ ತರಗತಿಗೆ ಹೋದರೂ ತಾವೇ ಓದುವವರಲ್ಲ. ಯಾರದೋ ತಪ್ಪಲ್ಲ ಅದು. ಅವರೂ ಬೆಳಿಗ್ಗೆ ತಲೆ ಬಾಚಿಕೊಂಡು, ಚೀಲ ಹಾಕಿಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲುತ್ತಾರೆ. ಯಜಮಾನರು ಬರೆದದ್ದನ್ನು ಒಳಗೆ ಹುಡುಕುವ ಮನುಷ್ಯ. ಹುಡುಕಿದಾಗ ಈ ಮಕ್ಕಳು ಸಿಗುತ್ತಾರೆ. ಅವರನ್ನು ಏನು ಮಾಡಲಿ?

ನಿನ್ನನ್ನೇ ಕೇಳುತ್ತಿದ್ದೇನೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಯೋಚಿಸಿ ಬರಿ.

ಅಕ್ಕ


ಆಗಸ್ಟ್ 8

ಅಕ್ಕಾ,

'ಬಹುತೇಕ ಬಿಳುಪು' ಎಂದು ಸೋಪು ಮಾರಿದ್ದನ್ನು ಎಲ್ಲಾದರೂ ಕಂಡಿದ್ದೀಯಾ? 'ಈ ಔಷಧಿಯಿಂದ ಬಹುತೇಕ ಬದುಕುತ್ತೀರಿ' ಎಂದರೆ ಕುಡಿಯುತ್ತೀಯಾ? ಆ ಪದ ಹಾಕಿದರೆ ನನ್ನ ಹೆಸರು ಎಲ್ಲೂ ಹೇಳಬೇಡ.

ನೀನು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ, ಕೋಪಿಸಿಕೊಳ್ಳಬೇಡ. ಆ ಮಕ್ಕಳನ್ನು ಕಳಿಸಿಬಿಡು. ಕಳೆ ಕೀಳದೆ ಬೆಳೆ ಬರುವುದಿಲ್ಲ. ಗುಂಡಿ ಆರಿಸಿಕೊಂಡು ಕೂರುವುದಕ್ಕೆ ಶಾಲೆ ಯಾಕೆ, ಮನೆ ಸಾಲದೇ? ಅವರ ಅಪ್ಪ ಅಮ್ಮಂದಿರು ಹೆತ್ತ ಭಾರವನ್ನು ನಿನ್ನ ತಲೆಗೆ ಹಾಕಿ ಆರಾಮವಾಗಿದ್ದಾರೆ. ನೀನೋ, ಕರುಣೆ ಕರುಣೆ ಎಂದು ಅದನ್ನು ಹೊತ್ತುಕೊಂಡು ತಿರುಗುತ್ತೀಯ. ಇದು ಕರುಣೆಯಲ್ಲ, ಇಲ್ಲ ಎನ್ನಲು ಧೈರ್ಯ ಸಾಲದ್ದು. ಚಿಕ್ಕಂದಿನಿಂದ ನೀನು ಹೀಗೆ. ಅದಕ್ಕೇ ಈ ವಯಸ್ಸಿಗೂ ಪ್ರಭಾರಿ.

ಬೇಕಾದರೆ ಈ ಸಾಲುಗಳನ್ನು ಸಭೆಯಲ್ಲಿ ಓದು. ಬರೆದವನ ವಿವರಣೆ ಎಂದು ಹೇಳು.

ಆಮೆಯ ಕಥೆ ಸಣ್ಣಿ ಎಷ್ಟು ಬೇಗ ಮುಗಿಸಿದಳು?

ನಿನ್ನ ತಮ್ಮ


ಸೆಪ್ಟೆಂಬರ್ 2

ತಮ್ಮನಿಗೆ,

ನಿನ್ನ ವಾಕ್ಯಗಳು ಒಂದು ಪದವೂ ಬದಲಾಗದೆ ಅಂಗೀಕಾರವಾದವು. ನೀನು ಹೇಳಿದಲ್ಲಿ ನಿಲ್ಲಿಸಿದೆ, ಹೇಳಿದ ಹಾಗೆ ಯಜಮಾನರ ಮುಖ ನೋಡಿದೆ. ಕಳೆ ಕೀಳುವ ಸಾಲುಗಳನ್ನೂ ಓದಿದೆ. ಆಟದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗೇಟಿನ ಎದುರಿನ ಗೋಡೆಗೆ ಸುಣ್ಣ ಬಳಿಸಿ, ಬೋರ್ಡು ಬರೆಯುವವನನ್ನು ಕರೆಸಿ, ಆಳೆತ್ತರದ ನೀಲಿ ಅಕ್ಷರಗಳಲ್ಲಿ ಬರೆಸಿದ್ದಾರೆ. ರಸ್ತೆಯ ಆಚೆಯಿಂದಲೂ ಓದಬಹುದು.

ಬಣ್ಣ ಒಣಗಿದ ಮೇಲೆ ಯಜಮಾನರು, "ಚೀಲ ಆಯ್ತು ಮೇಡಂ, ಇನ್ನು ಒಳಗೆ ನೋಡೋಣ" ಎಂದು ನನ್ನ ಕೋಣೆಯಲ್ಲಿ ಕೂತರು. ಮೂರನೆಯ ತರಗತಿ ದಾಟಿದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದರು. ಗದರಲಿಲ್ಲ, ಆತುರ ಮಾಡಲಿಲ್ಲ. ಕೊನೆಗೆ ಹಿಂದಿನ ಕೋಣೆಯವರ ಸರದಿ ಬಂತು. ಅವರೊಂದಿಗೆ ಸಣ್ಣಿಯೂ ಬಂದಳು.

ಹೌದು. ಹೊಲಿಗೆ ಟೀಚರ್ ಹತ್ತಿರ ಅವಳು ಹೊಲಿಗೆ ಕಲಿಯುತ್ತಿರಲಿಲ್ಲ. ಗುಂಡಿ ಆರಿಸುತ್ತಿದ್ದಳು.

ನೀನು ಕಳಿಸಿದ ಆಮೆಯ ಪುಸ್ತಕವನ್ನು ಎದೆಗೆ ಅವಚಿಕೊಂಡು ಬಂದಳು. "ನಂಗೆ ಇದು ಬರುತ್ತೆ" ಅಂದಳು. ನೀನು ಬೇಡ ಎಂದಿದ್ದರೂ ನಾನು ದಿನಾ ಸಂಜೆ ಅದನ್ನು ಓದಿ ಹೇಳುತ್ತಿದ್ದೆ, ಅವಳಿಗೆ ಬಾಯಿಪಾಠವಾಗಿತ್ತು. ಬೆರಳು ಓಡಿಸುತ್ತ, ಆಮೆಗೆ ಒಂದು ದನಿ, ಮೊಸಳೆಗೆ ಒಂದು ದನಿ ಮಾಡಿ, ಎರಡು ಪುಟ ಚಂದವಾಗಿ ಓದಿದಳು. ಯಜಮಾನರ ಮುಖ ಅರಳಿತು. "ಭೇಷ್ ಮಗು, ಇವಳ್ಯಾಕೆ ಆ ಕೋಣೆಯಲ್ಲಿದಾಳೆ?" ಅಂದರು. ಆಮೇಲೆ ಏನು ತೋಚಿತೋ, ಪುಸ್ತಕವನ್ನು ತೆಗೆದುಕೊಂಡು ಮೊದಲ ಪುಟ ತಿರುಗಿಸಿ ಕೊಟ್ಟು, "ಇಲ್ಲಿಂದ ಇನ್ನೊಂದ್ಸಲ ಓದು" ಅಂದರು. ಅವಳು ಮೊದಲ ಪುಟದ ಮೇಲೆ ಬೆರಳಿಟ್ಟು ಮೂರನೆಯ ಪುಟದ ಕಥೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರುಗಳು ನಕ್ಕರು. ಎಲ್ಲರೂ ನಕ್ಕಿದ್ದು ನೋಡಿ ಸಣ್ಣಿಯೂ ನಕ್ಕಳು, ಇನ್ನಷ್ಟು ಗಟ್ಟಿಯಾಗಿ ಮುಂದುವರಿಸಿದಳು. ಯಜಮಾನರು ಮಾತ್ರ ನಗಲಿಲ್ಲ.

ಎಲ್ಲ ಮುಗಿದ ಮೇಲೆ ನನ್ನನ್ನು ಕೂರಿಸಿ ಹೇಳಿದರು: "ವಾಕ್ಯ ಕೆಟ್ಟದಾಗಿದ್ದಿದ್ರೆ ಅಳಿಸಿಬಿಡ್ತಿದ್ದೆ ಮೇಡಂ. ಇಷ್ಟು ಚೆನ್ನಾಗಿರೋದನ್ನ ಅಳಿಸೋಕೆ ಮನಸ್ಸು ಬರಲ್ಲ. ಆ ಮಕ್ಕಳಿಗೆ ಟಿ.ಸಿ. ಕೊಟ್ಬಿಡಿ." ಆಮೇಲೆ, "ಆ ಆಮೆ ಹುಡುಗಿ ನಿಮ್ಮ ಮನೆಯವಳಂತೆ. ಅವಳೊಬ್ಬಳು ಇರ್ಲಿ ಬೇಕಾದ್ರೆ. ಒಂದು ಚೀಲ ನಾನು ನೋಡ್ಲಿಲ್ಲ ಅಂದ್ಕೋತೀನಿ" ಅಂದರು.

ಬೇಡ ಎಂದೆ. ನನ್ನ ಮನೆಯವಳಿಗೊಂದು ನ್ಯಾಯ, ಊರವರಿಗೊಂದು ನ್ಯಾಯ ಮಾಡುವುದಿಲ್ಲ ಎಂದೆ. ಅವರು ಎದ್ದು ನಿಂತು ಕೈ ಮುಗಿದರು. ಪ್ರಭಾರಿ ತೆಗೆದ ಆದೇಶ ಮರುದಿನವೇ ಕೈಗೆ ಬಂತು. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ, ನನಗೆ ಆ ಕುರ್ಚಿ ಬೇಕಿತ್ತು.

ಆ ಕೋಣೆಯಲ್ಲಿ ಸಣ್ಣಿಯೂ ಇದ್ದಾಳೆ ಎಂದು ಒಂದು ಸಾಲು ಬರೆದಿದ್ದರೆ ನೀನು ಅದೇ ದಿನ 'ಬಹುತೇಕ' ಹಾಕಿ ಕಳಿಸುತ್ತಿದ್ದೆ. ಬೇಕೆಂದೇ ಬರೆಯಲಿಲ್ಲ. ಬೇರೆಯವರ ಮಕ್ಕಳಾದರೆ ನೀನು ಏನು ಹೇಳುತ್ತೀಯ ಎಂದು ನೋಡಬೇಕಿತ್ತು. ನೋಡಿದೆ. ಹೆತ್ತ ಭಾರವನ್ನು ಇನ್ನೊಬ್ಬರ ತಲೆಗೆ ಹಾಕಿ ಆರಾಮವಾಗಿರುವ ಅಪ್ಪಂದಿರ ಬಗ್ಗೆ ನೀನು ಬರೆದದ್ದು ಅಕ್ಷರಶಃ ಸರಿ.

ಈಗ ಅವಳು ಇಲ್ಲಿರಲು ಆಗುವುದಿಲ್ಲ. ನನ್ನ ಮನೆ ಶಾಲೆಯ ಕಾಂಪೌಂಡಿನೊಳಗೇ ಇದೆ. ಹೊರಗೆ ಹೋದ ಮಕ್ಕಳ ತಾಯಂದಿರು ಗೇಟಿನಲ್ಲಿ ನಿಂತು, "ನಿಮ್ಮ ಹುಡುಗಿ ಇನ್ನೂ ಒಳಗೇ ಇದಾಳಲ್ಲ ಮೇಡಂ" ಅನ್ನುತ್ತಾರೆ. ಅವಳೋ, ಬೆಳಿಗ್ಗೆ ಗಂಟೆ ಹೊಡೆದರೆ ಚೀಲ ಹಾಕಿಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತಾಳೆ, ಸಂಜೆಯ ಗಂಟೆ ಹೊಡೆದ ಮೇಲೆ ಚೀಲ ಇಳಿಸುತ್ತಾಳೆ. ನನಗೆ ನೋಡಲಾಗುವುದಿಲ್ಲ. ಬಂದು ಕರೆದುಕೊಂಡು ಹೋಗು.

ಅಕ್ಕ


ಸೆಪ್ಟೆಂಬರ್ 9

ನೀನು ಅಕ್ಕನೋ ಮಾರಿಯೋ? ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವುದನ್ನು ಕೇಳಿದ್ದೆ, ನೀನು ಎರಡೂ ಕಡೆ ಮಾರಿ. ಒಂದು ಮಗುವನ್ನು ಗಾಳಕ್ಕೆ ಸಿಕ್ಕಿಸಿ ನನ್ನನ್ನು ಹಿಡಿದೆಯಲ್ಲ, ನಿನಗೆ ಅನ್ನ ಹೇಗೆ ಇಳಿಯುತ್ತದೆ? ಬರೆದವನಿಗೆ ಏನು ಗೊತ್ತು? ಅದು ಜಾಹೀರಾತು ಅಕ್ಕಾ. ಕೇಳಲು ಚಂದವಾಗಿರಲಿ ಎಂದು ಬರೆಯುವುದು. ನಾನು ಬರೆದ ಎಣ್ಣೆಯಿಂದ ಯಾರಿಗೂ ಕೂದಲು ಬಂದಿಲ್ಲ, ಯಾರೂ ನನ್ನ ಮನೆಗೆ ಬೋಳುತಲೆ ಎತ್ತಿಕೊಂಡು ಬಂದಿಲ್ಲ. ಒಬ್ಬ ಸಿಮೆಂಟ್ ವ್ಯಾಪಾರಿ ಅದನ್ನು ನಂಬಿ ಮಕ್ಕಳನ್ನು ಜರಡಿ ಹಿಡಿಯುತ್ತಾನೆ ಎಂದು ಕನಸು ಬಿದ್ದಿತ್ತೇ ನನಗೆ?

ಬೈದು ಮುಗಿಯಿತು. ಈಗ ನಿನ್ನ ಕಾಲು ಹಿಡಿಯುತ್ತೇನೆ. ಅವಳನ್ನು ಕಳಿಸಬೇಡ.

ಮನೆ ಬದಲಾಯಿಸುತ್ತಿದ್ದೇನೆ ಎಂದದ್ದು ಸುಳ್ಳು. ಹೋದ ವರ್ಷ ಮದುವೆಯಾದೆ. ನಿನಗೆ ಹೇಳಲಿಲ್ಲ, ಹೇಳಿದರೆ ಸಣ್ಣಿಯನ್ನು ಕರೆದುಕೊಂಡು ಹೋಗು ಎನ್ನುತ್ತೀಯ ಎಂದು. ಹೊಸ ಹೆಂಡತಿಗೆ ಮೊದಲ ಹೆಂಡತಿ ತೀರಿಹೋದದ್ದು ಮಾತ್ರ ಗೊತ್ತು. ಮಕ್ಕಳಿದ್ದಾರಾ ಎಂದು ಅವಳ ತಂದೆ ಕೇಳಿದಾಗ ಇಲ್ಲ ಎಂದೆ. ಒಂದು ಪದ, ಬಾಯಿಂದ ಜಾರಿತು. ಆಮೇಲೆ ಅದನ್ನು ಎಲ್ಲಿಂದ ಹಿಂದಕ್ಕೆ ತರಲಿ? ಒಳ್ಳೆಯವಳು, ಆದರೆ ಸುಳ್ಳು ಹೇಳಿದವರನ್ನು ಕ್ಷಮಿಸುವವಳಲ್ಲ. ಅವಳಿಗೆ ಈಗ ಐದು ತಿಂಗಳು. ಈ ಸ್ಥಿತಿಯಲ್ಲಿ ಬಾಗಿಲಿಗೆ ಒಂದು ಮಗುವನ್ನು ತಂದು ನಿಲ್ಲಿಸಿ ಇದು ನನ್ನದು ಎನ್ನಲೇ?

ಯಜಮಾನರನ್ನು ಇನ್ನೊಂದು ಸಲ ಕೇಳು. ಅವರೇ ಬಾಯಿಬಿಟ್ಟು ಇರಲಿ ಎಂದಿದ್ದಾರಲ್ಲ. ಇಲ್ಲವಾದರೆ ಗೋಡೆಗೆ ಸುಣ್ಣ ಬಳಿಸು, ನಾನು ಇದಕ್ಕಿಂತ ಚಂದದ ವಾಕ್ಯ ಬರೆದುಕೊಡುತ್ತೇನೆ, ಅದರಲ್ಲಿ ಎಲ್ಲರೂ ಇರುತ್ತಾರೆ. ಅವಳು ಅಲ್ಲೇ ಇರಲಿ ಅಕ್ಕಾ. ಕಿಟಕಿಯಲ್ಲಿ ನಿಂತರೆ ನಿಲ್ಲಲಿ.


ಸೆಪ್ಟೆಂಬರ್ 16

ತಮ್ಮನಿಗೆ,

ಹಾಗಾದರೆ ಇಷ್ಟು ದಿನ ನಾನು ಸಾಕಿದ್ದು ಇಲ್ಲದ ಮಗುವನ್ನು.

ಗೋಡೆಗೆ ಸುಣ್ಣ ಬಳಿಸುವುದಿಲ್ಲ. ನೀನು ಬರೆದದ್ದರಲ್ಲಿ ಅಷ್ಟೊಂದು ಒಳ್ಳೆಯದು ಇನ್ನೊಂದಿಲ್ಲ. ಮಾನ್ಯತೆಯ ತಂಡದವರು ಮುಂಚಿತವಾಗಿ ಬಂದು ಹೋದರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಶಾಲೆಯ ಆಯಾ ತನ್ನ ಮಗಳ ಮನೆಗೆ ನಿಮ್ಮ ಊರಿನ ಮೇಲೆಯೇ ಹೋಗುತ್ತಾಳೆ. ಗುರುವಾರದ ಬಸ್ಸಿಗೆ ಸಣ್ಣಿಯನ್ನು ಅವಳ ಜೊತೆ ಕಳಿಸುತ್ತಿದ್ದೇನೆ. ನಿನ್ನ ಮನೆಯ ವಿಳಾಸ ನೀನು ಕೊಟ್ಟಿಲ್ಲ, ಆದ್ದರಿಂದ ಕಚೇರಿಗೆ. ಬಟ್ಟೆ ಎಲ್ಲ ಒಗೆದು ಇಟ್ಟಿದ್ದೇನೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಅವಳಿಗೆ ವಾಂತಿ ಆಗುವುದಿಲ್ಲ, ಆಯಾಳಿಗೆ ಹೇಳಿದ್ದೇನೆ. ಅಪ್ಪನ ಹತ್ತಿರ ಹೋಗುತ್ತೀಯ ಎಂದಾಗ ಎರಡು ಸಲ ಮುಖ ತೊಳೆದುಕೊಂಡಳು.

ನನಗೆ ಇನ್ನು ಬರೆಯಬೇಡ. ನಾನು ಓದುವುದಿಲ್ಲ.

ಅಕ್ಕ


ಅಕ್ಟೋಬರ್ 20

ಅಕ್ಕಾ,

ಓದುವುದಿಲ್ಲ ಎಂದಿದ್ದೀಯ. ಆದರೂ ಬರೆಯುತ್ತೇನೆ, ಇಲ್ಲಿ ಇದನ್ನು ಹೇಳಲು ಯಾರೂ ಇಲ್ಲ.

ಆಯಾ ಅವಳನ್ನು ಕಚೇರಿಯ ಮುಂದಿನ ಹಾಲ್‌ನಲ್ಲಿ ಕೂರಿಸಿ ಹೋಗಿದ್ದಳು. ನಾನು ಹೊರಗೆ ಬಂದಾಗ ನಾಲ್ಕು ಜನ ಸುತ್ತ ನಿಂತು ಮಾತಾಡಿಸುತ್ತಿದ್ದರು. "ಯಾರ ಮಗು ಇದು?" ಎಂದು ಕೇಳಿದರು. "ನಮ್ಮಕ್ಕನ ಮಗಳು" ಅಂದೆ. ಯೋಚಿಸಲೇ ಇಲ್ಲ. ಅಪ್ಪಾ ಎಂದು ಎದ್ದು ಬರುತ್ತಿದ್ದವಳ ಬಾಯಿಗೆ ಕೈ ಅಡ್ಡ ಹಿಡಿದು ಎತ್ತಿಕೊಂಡು ಹೊರಗೆ ಬಂದೆ. ಭಾರವಾಗಿದ್ದಾಳೆ, ನೀನು ಚೆನ್ನಾಗಿ ಸಾಕಿದ್ದೀಯ.

ಮನೆಗೆ ಹೋಗುವ ದಾರಿಯಲ್ಲಿ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂರಿಸಿ ಹೇಳಿಕೊಟ್ಟೆ. ನಾನು ಅಪ್ಪ ಅಲ್ಲ, ಮಾವ. ಮನೆಯಲ್ಲಿ ಒಬ್ಬರು ಇರುತ್ತಾರೆ, ಅವರು ಅತ್ತೆ. ಊರಿನಲ್ಲಿರುವ ಅತ್ತೆಯನ್ನು ಇನ್ನು ಮೇಲೆ ಅಮ್ಮ ಅನ್ನಬೇಕು. ಅವಳು ಒಂದೇ ಪ್ರಶ್ನೆ ಕೇಳಿದಳು: "ಅಪ್ಪ ಅಂದ್ರೆ ಏನಾಗುತ್ತೆ?" "ಇಲ್ಲಿಂದಲೂ ಕಳಿಸ್ಬಿಡ್ತಾರೆ" ಅಂದೆ. ಇನ್ನೇನು ಹೇಳಲಿ, ಅವಳಿಗೆ ಅರ್ಥವಾಗುವುದು ಅದೊಂದೇ ಎಂದು ನನಗೆ ಗೊತ್ತಿತ್ತು. ಅವಳು ತಲೆಯಾಡಿಸಿದಳು. ಮನೆ ಬರುವವರೆಗೂ ತುಟಿಯೊಳಗೆ ಹೇಳಿಕೊಳ್ಳುತ್ತಲೇ ಇದ್ದಳು.

ಅಕ್ಷರ ಹತ್ತುವುದಿಲ್ಲ ಅಂದೆಯಲ್ಲ, ಇದು ಹೇಗೆ ಹತ್ತಿತು? ಅತ್ತೆ ಅಮ್ಮನಾಗಿ, ಹೊಸಬಳು ಅತ್ತೆಯಾಗಿ, ಅಪ್ಪ ಮಾವನಾಗಿ, ನನಗೇ ಒಂದೆರಡು ಸಲ ನಾಲಿಗೆ ತಡವರಿಸಿದೆ. ಅವಳು ಒಮ್ಮೆಯೂ ತಪ್ಪಲಿಲ್ಲ. ಮೊದಲು ನನ್ನನ್ನು ನೀನು ಎನ್ನುತ್ತಿದ್ದವಳು ಈಗ ನೀವು ಎನ್ನುತ್ತಾಳೆ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೆಂಡತಿಗೆ ಅವಳು ಹಿಡಿಸಿದ್ದಾಳೆ. "ನಿಮ್ಮಕ್ಕ ಇಂಥ ಮಗೂನ ಹೇಗೆ ಬಿಟ್ಟಿದಾರೆ ರೀ, ಕಲ್ಲು ಮನಸ್ಸು" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಕ್ಷಮಿಸು, ಹೂಂ ಎನ್ನುತ್ತೇನೆ.

ನಿನ್ನೆ ಹೆಂಡತಿ ಆಸ್ಪತ್ರೆಗೆ ತೋರಿಸಿಕೊಳ್ಳಲು ತನ್ನ ತಂಗಿಯ ಜೊತೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಸಣ್ಣಿ ಒಗೆದ ಬಟ್ಟೆ ಮಡಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ ಅಕ್ಕಾ. ಹತ್ತಿರ ಕೂತು, "ಬಾಗಿಲು ಹಾಕಿದೆ, ಯಾರೂ ಇಲ್ಲ, ಒಂದೇ ಒಂದು ಸಲ ಅಪ್ಪ ಅನ್ನು" ಎಂದೆ. ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಮತ್ತೆ ಕೇಳಿದೆ. ಬೇಡಿಕೊಂಡೆ.

"ನಂಗೆ ಗೊತ್ತಾಯ್ತು ಮಾವ," ಅಂದಳು. "ಹೇಳಿದ್ರೆ ಕಳಿಸ್ಬಿಡ್ತೀರ."

ನಿನ್ನ ತಮ್ಮ